ಪೇಮೆಂಟ್ ಗೇಟ್‌ವೇ ಆರಿಸುವಾಗ ಕಮಿಷನ್‌ಗಿಂತ ಮೊದಲು ನೋಡಬೇಕಾದದ್ದು

‘ಹಣ ಕಟ್ ಆಗಿದೆ, ಆರ್ಡರ್ ಮಾತ್ರ ಆಗಿಲ್ಲ.’ ವೆಬ್‌ಸೈಟ್ ಮೂಲಕ ವ್ಯಾಪಾರ ಮಾಡುವ ಯಾರಿಗೂ ಈ ದೂರು ಹೊಸದಲ್ಲ. ಗ್ರಾಹಕರ ಫೋನಿಗೆ ಬ್ಯಾಂಕಿನ ಸಂದೇಶ ಬಂದಿರುತ್ತದೆ. ವ್ಯಾಪಾರಿಯ ಪರದೆಯಲ್ಲಿ ಆ ಆರ್ಡರ್ ಇನ್ನೂ ‘ಪೆಂಡಿಂಗ್’. ಆ ಹೊತ್ತಿನಲ್ಲಿ ಹಣ ಎಲ್ಲಿದೆ, ಅದಕ್ಕೆ ಯಾರು ಹೊಣೆ, ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಎಂಬುದಕ್ಕೆ ನೇರ ಉತ್ತರ ಕೊಡಬಲ್ಲ ವ್ಯವಸ್ಥೆಯೇ ಒಳ್ಳೆಯ ಪೇಮೆಂಟ್ ವ್ಯವಸ್ಥೆ. ಆದರೆ ವೆಬ್‌ಸೈಟಿನಲ್ಲಿ ಪಾವತಿ ನಡೆಸಿಕೊಡುವ ಸೇವೆಯನ್ನು, ಅಂದರೆ ಗೇಟ್‌ವೇಯನ್ನು, ಆರಿಸುವಾಗ ಬಹುತೇಕರು ಮೊದಲು ಕೇಳುವುದು ‘ಕಮಿಷನ್ ಎಷ್ಟು ಪರ್ಸೆಂಟ್?’ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಸರದಿ ಮೂರನೆಯದೋ ನಾಲ್ಕನೆಯದೋ ಆಗಬೇಕು. ಪಾವತಿ ಸಲೀಸಾಗಿ ನಡೆಯುವಾಗ ಎಲ್ಲ ಕಂಪನಿಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಪಾವತಿ ಅರ್ಧಕ್ಕೆ ನಿಂತಾಗ, ರೀಫಂಡ್ ಕೊಡಬೇಕಾದಾಗ, ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟಾಗ.

ಬಟನ್ ಒತ್ತಿದ ಮೇಲೆ ಹಣದ ದಾರಿ

ಕಾರ್ಡ್ ಪಾವತಿಯಲ್ಲಿ ಮೂರು ಹಂತಗಳಿವೆ. ಮೊದಲನೆಯದು ಆಥರೈಸೇಶನ್. ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕು ‘ಇಷ್ಟು ಮೊತ್ತ ಇದೆ, ಕಾಯ್ದಿರಿಸಿದ್ದೇನೆ’ ಎನ್ನುತ್ತದೆ. ಇಲ್ಲಿ ಹಣ ವ್ಯಾಪಾರಿಯ ಕಡೆ ಹೊರಟಿರುವುದಿಲ್ಲ, ಬರೀ ತಡೆಹಿಡಿದಿರುತ್ತದೆ. ಎರಡನೆಯದು ಕ್ಯಾಪ್ಚರ್, ಅಂದರೆ ‘ಆ ಹಣ ವಸೂಲಿ ಮಾಡಿ’ ಎಂದು ವ್ಯಾಪಾರಿಯ ಕಡೆಯಿಂದ ಹೋಗುವ ಸೂಚನೆ. ಮೂರನೆಯದು ಸೆಟಲ್‌ಮೆಂಟ್. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ನೆಟ್‌ವರ್ಕ್ ಮೂಲಕ ಹಣ ವ್ಯಾಪಾರಿಯ ಪರವಾಗಿ ನಿಂತ ಬ್ಯಾಂಕಿಗೆ ಬಂದು, ಅಲ್ಲಿಂದ ಶುಲ್ಕ ಕಳೆದು ವ್ಯಾಪಾರಿಯ ಖಾತೆಗೆ ಸೇರುತ್ತದೆ.

ಗ್ರಾಹಕರ ಫೋನಿಗೆ ಸಂದೇಶ ಬರುವುದು ಮೊದಲ ಹಂತದಲ್ಲೇ. ‘ಕಟ್ ಆಗಿದೆ’ ಎಂಬ ದೂರುಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ: ಆಥರೈಸೇಶನ್ ಆಗಿದೆ, ಕ್ಯಾಪ್ಚರ್ ಆಗಿಲ್ಲ. ಹಾಗೇ ಬಿಟ್ಟರೆ ತಡೆಹಿಡಿದ ಮೊತ್ತ ತಾನಾಗಿ ಬಿಡುಗಡೆಯಾಗುತ್ತದೆ. ಆನ್‌ಲೈನ್ ಖರೀದಿಗೆ ಈ ಅವಧಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸು. ನೆಟ್‌ವರ್ಕ್ ಮತ್ತು ವ್ಯಾಪಾರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಆರ್ಡರ್ ಬಂದ ಮೇಲೆ ತಯಾರಿಸಿ ಕಳಿಸುವ, ಅಥವಾ ದಾಸ್ತಾನು ಇದೆಯೋ ಇಲ್ಲವೋ ಎಂದು ನೋಡಿ ಖಚಿತಪಡಿಸುವ ವ್ಯಾಪಾರಕ್ಕೆ ಕ್ಯಾಪ್ಚರ್ ನಮ್ಮ ಕೈಯಲ್ಲಿರಬೇಕು. ಅರ್ಧ ಮಾಲು ಮಾತ್ರ ಇದ್ದರೆ ಅಷ್ಟಕ್ಕೇ ಕ್ಯಾಪ್ಚರ್ ಮಾಡಲು ಬರುತ್ತದೆಯೇ ಎಂದು ಕೇಳಬೇಕು. ಡೌನ್‌ಲೋಡ್ ಆಗುವ ಸರಕಿಗೆ ಈ ತಲೆನೋವು ಬೇಡ, ತಾನಾಗಿ ಕ್ಯಾಪ್ಚರ್ ಆಗುವ ಹಾಗೆ ಇಟ್ಟರೆ ಸಾಕು.

ಖಾತೆಯಿಂದ ಖಾತೆಗೆ ನೇರ ಹೋಗುವ ಪಾವತಿಯ ಸ್ವಭಾವವೇ ಬೇರೆ. ಭಾರತದಲ್ಲಿ 2016ರಲ್ಲಿ ಶುರುವಾದ ಯುಪಿಐ, ಬ್ರೆಜಿಲ್‌ನ ಕೇಂದ್ರ ಬ್ಯಾಂಕು 2020ರ ನವೆಂಬರಿನಲ್ಲಿ ತಂದ ಪಿಕ್ಸ್ ಈ ಜಾತಿಯವು. ಸಾಮಾನ್ಯ ಖರೀದಿಯಲ್ಲಿ ಇಲ್ಲಿ ತಡೆಹಿಡಿಯುವ ಹಂತ ಇಲ್ಲ. ಗ್ರಾಹಕರು ಒಪ್ಪಿದ ಕ್ಷಣವೇ ಹಣ ಅವರ ಖಾತೆಯಿಂದ ಹೊರಟುಬಿಡುತ್ತದೆ. ಖರ್ಚು ಕಡಿಮೆ, ಕಾರ್ಡ್ ಸಂಖ್ಯೆ ಕದಿಯುವವರ ಭಯ ಇಲ್ಲ. ಆದರೆ ಸ್ಥಿತಿ ‘ಪೆಂಡಿಂಗ್’ ಎಂದು ನಿಂತರೆ ಹಣ ನಿಜವಾಗಿಯೂ ಹೋಗಿರಬಹುದು, ರೀಫಂಡ್ ಎಂದರೆ ಹಿಂದಿನದನ್ನು ಅಳಿಸುವುದಲ್ಲ, ಹೊಸದಾಗಿ ಹಣ ಕಳಿಸುವುದು.

ಗ್ರಾಹಕರ ಒಪ್ಪಿಗೆ ಪಡೆದು ವ್ಯಾಪಾರಿಯೇ ಅವರ ಖಾತೆಯಿಂದ ಹಣ ತರಿಸಿಕೊಳ್ಳುವ ಬ್ಯಾಂಕ್ ಡೆಬಿಟ್ ಇನ್ನೊಂದು ಬಗೆ. ಯುರೋಪಿನ ಸೆಪಾ ಡೈರೆಕ್ಟ್ ಡೆಬಿಟ್‌ನಲ್ಲಿ ಗ್ರಾಹಕರು 8 ವಾರಗಳೊಳಗೆ ಕಾರಣ ಹೇಳದೆಯೇ ಹಣ ವಾಪಸ್ ಕೇಳಬಹುದು. ತಾವು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ ಎಂದಾದರೆ 13 ತಿಂಗಳವರೆಗೆ. ತಿಂಗಳ ಚಂದಾಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ದುಬಾರಿ ಮಾಲನ್ನು ಅದೇ ದಿನ ಕಳಿಸಿಬಿಡುವ ವ್ಯಾಪಾರಕ್ಕೆ ಅಪಾಯ.

ಹಾಗಾಗಿ ಪಾವತಿ ವಿಧಾನಗಳ ಪಟ್ಟಿ ಉದ್ದ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ನಿಮ್ಮ ಗ್ರಾಹಕರು ದಿನಾ ಬಳಸುವ ಎರಡು ಮೂರು ವಿಧಾನಗಳು ಗಟ್ಟಿಯಾಗಿ ನಡೆಯಬೇಕು. ಉಳಿದ ಹತ್ತು ಚಿಹ್ನೆಗಳು ಪುಟವನ್ನು ತುಂಬಿಸುತ್ತವೆ ಅಷ್ಟೇ.

ಒಪ್ಪಂದ ಯಾರ ಜೊತೆ

‘ಗೇಟ್‌ವೇ’ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಸೇವೆಗಳಿಗೆ ಬಳಸುವುದರಿಂದ ಗೊಂದಲ ಆಗುತ್ತದೆ. ಬರೀ ಗೇಟ್‌ವೇ ಆದರೆ ಅದು ಪಾವತಿಯ ಮಾಹಿತಿಯನ್ನು ಸಾಗಿಸುವ ತಾಂತ್ರಿಕ ಸೇವೆ ಮಾತ್ರ, ವ್ಯಾಪಾರಿ ಖಾತೆಯನ್ನು ಬ್ಯಾಂಕಿನಲ್ಲಿ ನೀವೇ ತೆರೆಯಬೇಕು. ಅಗ್ರಿಗೇಟರ್ ಆದರೆ ಗ್ರಾಹಕರ ಹಣವನ್ನು ತಾನು ಪಡೆದು, ನಂತರ ನಿಮಗೆ ಕೊಡುತ್ತದೆ. ಮೂರನೆಯದು ಮರ್ಚೆಂಟ್ ಆಫ್ ರೆಕಾರ್ಡ್: ಕಾಗದದ ಮೇಲೆ ಮಾರಾಟ ಮಾಡುವವರು ಅವರೇ, ಬಿಲ್ಲು ಅವರ ಹೆಸರಿನಲ್ಲಿ, ಆಯಾ ದೇಶದ ಮಾರಾಟ ತೆರಿಗೆ ಕಟ್ಟುವ ಹೊಣೆಯೂ ಅವರದೇ. ಶುಲ್ಕ ಉಳಿದೆರಡಕ್ಕಿಂತ ಸಾಕಷ್ಟು ಹೆಚ್ಚು.

ಹೊಸದಾಗಿ ಶುರು ಮಾಡುವವರಿಗೆ ಅಗ್ರಿಗೇಟರ್ ಸರಿ. ಕಾಗದಪತ್ರ ಕಡಿಮೆ, ಬೇಗ ಶುರು ಮಾಡಬಹುದು. ಹತ್ತಾರು ದೇಶಗಳಿಗೆ ಸಾಫ್ಟ್‌ವೇರ್ ಮಾರುವ ಇಬ್ಬರು ಮೂವರ ತಂಡಕ್ಕೆ ಮರ್ಚೆಂಟ್ ಆಫ್ ರೆಕಾರ್ಡ್ ದುಬಾರಿ ಅನಿಸಿದರೂ ಅದೇ ಸುರಕ್ಷಿತ, ಏಕೆಂದರೆ ಪ್ರತಿ ದೇಶದ ತೆರಿಗೆ ನೋಂದಣಿ ಮಾಡಿಸುವ ಖರ್ಚು ಅದಕ್ಕಿಂತ ಭಾರ. ವಹಿವಾಟು ದೊಡ್ಡದಾಗಿ ಬೆಳೆದ ಮೇಲೆ ಸ್ವಂತ ವ್ಯಾಪಾರಿ ಖಾತೆಯ ಲೆಕ್ಕ ಹಾಕಿ ನೋಡಬಹುದು.

ಹಣವನ್ನು ಕೈಯಲ್ಲಿ ಹಿಡಿಯುವ ಕಂಪನಿಗೆ ಅದಕ್ಕೆ ಪರವಾನಗಿ ಇದೆಯೇ ಎಂದು ನೋಡುವುದು ಮೊದಲ ಕೆಲಸ. ಭಾರತದ ರಿಸರ್ವ್ ಬ್ಯಾಂಕು 2020ರ ಮಾರ್ಚ್ ತಿಂಗಳ ಮಾರ್ಗಸೂಚಿಯಲ್ಲಿ ಅಗ್ರಿಗೇಟರ್ ಮತ್ತು ಗೇಟ್‌ವೇ ನಡುವೆ ಇದೇ ಗೆರೆ ಎಳೆದು, ಹಣ ಮುಟ್ಟುವವರಿಗೆ ಅನುಮತಿ ಕಡ್ಡಾಯ ಮಾಡಿತು. ಬೇರೆ ದೇಶಗಳಲ್ಲೂ ಹೆಸರು ಬೇರೆಯಾದರೂ ಇಂಥ ಪರವಾನಗಿ ಇರುತ್ತದೆ. ಮಾರಾಟ ಪ್ರತಿನಿಧಿಯ ಮಾತನ್ನು ನಂಬದೆ, ನಿಯಂತ್ರಕರ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಕಂಪನಿಯ ನೋಂದಾಯಿತ ಹೆಸರನ್ನು ಹುಡುಕಿ. ಬ್ರಾಂಡಿನ ಹೆಸರೂ ನೋಂದಾಯಿತ ಹೆಸರೂ ಬೇರೆ ಇರುವುದು ಸಾಮಾನ್ಯ.

ದರ: ಪರ್ಸೆಂಟ್ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ

ಎರಡು ಕಂಪನಿಗಳಿವೆ ಎಂದುಕೊಳ್ಳಿ. ‘ಅ’ ಕಂಪನಿಯದು ನೇರ 2%. ‘ಬ’ ಕಂಪನಿಯದು 1.4%, ಜೊತೆಗೆ ಪ್ರತಿ ವಹಿವಾಟಿಗೆ 5 ರೂಪಾಯಿ. 200ರ ಆರ್ಡರ್‌ಗೆ ‘ಅ’ ತೆಗೆದುಕೊಳ್ಳುವುದು 4, ‘ಬ’ ತೆಗೆದುಕೊಳ್ಳುವುದು 7.80. ಅದೇ 2,000ದ ಆರ್ಡರ್ ಆದರೆ ‘ಅ’ 40, ‘ಬ’ 33. ಎರಡೂ ಸಮ ಆಗುವುದು ಸುಮಾರು 833ರ ಬಳಿ. ಹಾಗಾಗಿ ದರಪಟ್ಟಿ ಕೈಗೆ ಬಂದ ಕೂಡಲೇ ಮಾಡಬೇಕಾದದ್ದು ನಿಮ್ಮ ಸರಾಸರಿ ಆರ್ಡರ್ ಮೊತ್ತವನ್ನು ಹಾಕಿ ನೋಡುವುದು. ಸಣ್ಣ ಸಣ್ಣ ಮೊತ್ತದ ಆರ್ಡರ್‌ಗಳೇ ಹೆಚ್ಚಿದ್ದರೆ ಆ ನಿಗದಿತ 5 ಲಾಭವನ್ನೆಲ್ಲ ತಿಂದುಹಾಕುತ್ತದೆ.

ಇಷ್ಟಕ್ಕೇ ನಿಲ್ಲಬಾರದು. ಯಶಸ್ಸಿನ ಪ್ರಮಾಣ ಸೇರಿಸಿ. 2,000ದ ಆರ್ಡರ್‌ನಲ್ಲಿ ನಿಮ್ಮ ಲಾಭ 400 ಎನ್ನಿ. ‘ಅ’ ಮೂಲಕ 100 ಪ್ರಯತ್ನಗಳಲ್ಲಿ 90 ಪಾವತಿ ಆಗುತ್ತವೆ, ‘ಬ’ ಮೂಲಕ 84. ‘ಅ’ದಲ್ಲಿ ಶುಲ್ಕ ಕಳೆದು ಉಳಿಯುವುದು 90 ಸಲ 360, ಒಟ್ಟು 32,400. ‘ಬ’ದಲ್ಲಿ 84 ಸಲ 367, ಒಟ್ಟು 30,828. ಸೋತ ಗ್ರಾಹಕರಲ್ಲಿ ಮೂವರು ಮತ್ತೆ ಪ್ರಯತ್ನಿಸಿ ಗೆದ್ದರು ಎಂದುಕೊಂಡರೂ ‘ಬ’ದ ಮೊತ್ತ 31,929 ಮಾತ್ರ. ಅಗ್ಗದ ದರದ ಕಂಪನಿಯೇ ದುಬಾರಿಯಾಯಿತು.

ಆದರೆ ಯಶಸ್ಸಿನ ಪ್ರಮಾಣ ಹೇಳುವಾಗ ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಕೇಳಲೇಬೇಕು. ಪಾವತಿ ಪುಟ ತೆರೆದು ಅರ್ಧಕ್ಕೆ ಬಿಟ್ಟುಹೋದವರನ್ನು ಕೆಲವರು ಲೆಕ್ಕದಿಂದಲೇ ಕೈಬಿಡುತ್ತಾರೆ. ಓಟಿಪಿ ಪುಟ ತೆರೆಯಲು ತಡವಾಗಿ ಬೇಸತ್ತು ಹೋದವರೂ ಆ ಗುಂಪಿನಲ್ಲೇ ಸೇರಿರುತ್ತಾರೆ, ಅದು ಗೇಟ್‌ವೇಯದೇ ತಪ್ಪಾಗಿದ್ದರೂ. ಎರಡು ವಾರ ಎರಡೂ ವ್ಯವಸ್ಥೆಗಳಿಗೆ ಅರ್ಧರ್ಧ ಗ್ರಾಹಕರನ್ನು ಕಳಿಸಿ ನೀವೇ ಅಳೆದ ಅಂಕಿಗಿಂತ ನಂಬಿಕಸ್ಥ ಅಂಕಿ ಬೇರೆ ಇಲ್ಲ.

ದರಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಇರುವವನ್ನೂ ಓದಿ: ವಿದೇಶಿ ಕಾರ್ಡಿಗೆ ಹೆಚ್ಚುವರಿ ಶುಲ್ಕ, ಕರೆನ್ಸಿ ಬದಲಾವಣೆಯಲ್ಲಿ ಹಾಕಿಕೊಳ್ಳುವ ಅಂತರ, ಗ್ರಾಹಕರು ಬ್ಯಾಂಕಿಗೆ ದೂರಿತ್ತು ಹಣ ವಾಪಸ್ ಪಡೆದಾಗ ಬೀಳುವ ಚಾರ್ಜ್‌ಬ್ಯಾಕ್ ಶುಲ್ಕ, ವಿಫಲ ಪ್ರಯತ್ನಕ್ಕೂ ಶುಲ್ಕ, ತಿಂಗಳ ಕನಿಷ್ಠ ಮೊತ್ತ, ಶುಲ್ಕದ ಮೇಲಿನ ತೆರಿಗೆ. ಮುಖ್ಯವಾಗಿ ರೀಫಂಡ್ ಮಾಡಿದಾಗ ಮೊದಲು ಕಡಿದುಕೊಂಡ ಕಮಿಷನ್ ವಾಪಸ್ ಕೊಡುತ್ತಾರೆಯೇ? ಅನೇಕರು ಕೊಡುವುದಿಲ್ಲ. ಬಟ್ಟೆ, ಪಾದರಕ್ಷೆಯಂಥ ಅಳತೆ ಸರಿಯಾಗದೆ ಹಿಂದಿರುಗುವ ಸರಕಿನಲ್ಲಿ ಈ ಒಂದು ಸಾಲು ವರ್ಷದ ಲೆಕ್ಕವನ್ನೇ ಬದಲಿಸುತ್ತದೆ.

ಕಾರ್ಡ್ ಸಂಖ್ಯೆ ನಿಮ್ಮ ಸರ್ವರ್‌ಗೆ ಬರಬಾರದು

ವೆಬ್‌ಸೈಟಿಗೆ ಪಾವತಿ ಜೋಡಿಸಲು ಮೂರು ದಾರಿ. ಗ್ರಾಹಕರನ್ನು ಗೇಟ್‌ವೇಯ ಪುಟಕ್ಕೆ ಕಳಿಸಿ ಮತ್ತೆ ಕರೆತರುವುದು ಒಂದು. ನಿಮ್ಮ ಪುಟದೊಳಗೇ ಗೇಟ್‌ವೇಯ ಐಫ್ರೇಮ್, ಅಂದರೆ ಅವರ ಪುಟದ ಒಂದು ಕಿಟಕಿ, ಕೂರಿಸುವುದು ಇನ್ನೊಂದು. ಕಾರ್ಡ್ ಸಂಖ್ಯೆ ಟೈಪ್ ಮಾಡುವ ಚೌಕ ನೋಡಲು ನಿಮ್ಮದು, ಆದರೆ ನಿಜವಾಗಿ ಅವರದು. ಮೂರನೆಯದರಲ್ಲಿ ಕಾರ್ಡ್ ವಿವರವನ್ನು ನಿಮ್ಮ ಸರ್ವರ್ ಪಡೆದು, ಎರಡು ತಂತ್ರಾಂಶಗಳು ಮಾತಾಡಿಕೊಳ್ಳುವ ದಾರಿಯಾದ ಎಪಿಐ ಮೂಲಕ ಕಳಿಸುತ್ತದೆ.

ಕಾರ್ಡ್ ಮಾಹಿತಿಯ ಸುರಕ್ಷತೆಗೆ ಪಿಸಿಐ ಡಿಎಸ್‌ಎಸ್ ಎಂಬ ಜಾಗತಿಕ ಮಾನದಂಡ ಇದೆ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಸೇರಿ 2006ರಲ್ಲಿ ಕಟ್ಟಿದ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಮೊದಲೆರಡು ದಾರಿ ಹಿಡಿದವರು ಸಾಮಾನ್ಯವಾಗಿ ‘ಎಸ್‌ಎಕ್ಯೂ ಎ’ ಎಂಬ ಚಿಕ್ಕ ಸ್ವಯಂಘೋಷಣೆ ತುಂಬಿದರೆ ಸಾಕು. ಮೂರನೆಯ ದಾರಿಗೆ ಹೋದರೆ ‘ಎಸ್‌ಎಕ್ಯೂ ಡಿ’ ಬೇಕು. ಅದರಲ್ಲಿ ನೂರಾರು ಪ್ರಶ್ನೆಗಳಿವೆ, ಪ್ರತಿಯೊಂದರ ಹಿಂದೆಯೂ ಖರ್ಚಿದೆ. ಹಿಂಭಾಗದ ಮೂರಂಕಿಯ ಸಿವಿವಿಯನ್ನಂತೂ ಆಥರೈಸೇಶನ್ ಆದ ಮೇಲೆ ಯಾವ ರೂಪದಲ್ಲೂ ಉಳಿಸಿಕೊಳ್ಳುವಂತಿಲ್ಲ, ಎನ್‌ಕ್ರಿಪ್ಟ್ ಮಾಡಿಯೂ ಇಲ್ಲ. ದೋಷ ಹುಡುಕಲೆಂದು ಇಡೀ ವಿನಂತಿಯನ್ನು ಲಾಗ್ ಫೈಲಿಗೆ ಬರೆಯುವ ಅಭ್ಯಾಸದಿಂದ ಅದು ಅಲ್ಲಿ ಹೋಗಿ ಕೂರುತ್ತದೆ, ವರ್ಷಗಟ್ಟಲೆ ಯಾರೂ ಗಮನಿಸುವುದಿಲ್ಲ.

ಹಾಗೆಂದು ಮೊದಲೆರಡು ದಾರಿಯಲ್ಲಿ ಪೂರ್ತಿ ನಿಶ್ಚಿಂತೆ ಎಂದಲ್ಲ. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಜಾಲತಾಣದ ಒಂದು ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕೋಡ್) ಫೈಲಿಗೆ ಕಳ್ಳರು ಸೇರಿಸಿದ್ದು ಕೇವಲ 22 ಸಾಲು. ಗ್ರಾಹಕರು ಟೈಪ್ ಮಾಡಿದ ಕಾರ್ಡ್ ವಿವರಗಳು ಹಾಗೇ ಬೇರೆ ಸರ್ವರ್‌ಗೆ ಹೋದವು. 2020ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 2 ಕೋಟಿ ಪೌಂಡ್ ದಂಡ ಹಾಕಿತು. ಪಾವತಿ ಪುಟಕ್ಕೆ ಜಾಹೀರಾತು, ಚಾಟ್, ಅಂಕಿಅಂಶಗಳ ಸ್ಕ್ರಿಪ್ಟ್‌ಗಳನ್ನು ತುಂಬುವವರು ಇದನ್ನು ನೆನಪಿಡಬೇಕು. ಗೇಟ್‌ವೇಯ ಐಫ್ರೇಮ್ ಎಷ್ಟೇ ಭದ್ರವಾಗಿದ್ದರೂ, ಅದರ ಸುತ್ತಲಿನ ನಿಮ್ಮ ಪುಟ ಕಳ್ಳರ ಕೈಗೆ ಸಿಕ್ಕರೆ ಆ ಚೌಕದ ಜಾಗದಲ್ಲಿ ನಕಲಿ ಚೌಕ ಕೂರಿಸುವುದು ಕಷ್ಟವಲ್ಲ. ಇದೇ ಕಾರಣಕ್ಕೆ ಪಿಸಿಐ ಡಿಎಸ್‌ಎಸ್‌ನ 4ನೇ ಆವೃತ್ತಿ ಪಾವತಿ ಪುಟದ ಸ್ಕ್ರಿಪ್ಟ್‌ಗಳ ಮೇಲೆ ನಿಗಾ ಇಡುವ ನಿಯಮಗಳನ್ನು ಸೇರಿಸಿತು. ಅವು 2025ರ ಮಾರ್ಚ್ 31ರಿಂದ ಜಾರಿಯಲ್ಲಿವೆ. ಐಫ್ರೇಮ್ ಕೂರಿಸಿ ‘ಎಸ್‌ಎಕ್ಯೂ ಎ’ ತುಂಬುವವರೂ ತಮ್ಮ ಜಾಲತಾಣ ಇಂಥ ಸ್ಕ್ರಿಪ್ಟ್ ದಾಳಿಗೆ ತೆರೆದುಕೊಂಡಿಲ್ಲ ಎಂದು ಖಚಿತಪಡಿಸಬೇಕು. ಪಾವತಿ ಪುಟದಲ್ಲಿ ಪಾವತಿಗೆ ಬೇಕಾದದ್ದು ಬಿಟ್ಟು ಬೇರೇನೂ ಇರಬಾರದು.

ಹಣ ಬಂದ ಸುದ್ದಿ ತಲುಪುವ ಬಗೆ

ಇಡೀ ವಿಷಯದಲ್ಲಿ ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. ಪಾವತಿ ಮುಗಿದ ಮೇಲೆ ಗೇಟ್‌ವೇ ಗ್ರಾಹಕರ ಬ್ರೌಸರನ್ನು ನಿಮ್ಮ ‘ಧನ್ಯವಾದ’ ಪುಟಕ್ಕೆ ಕರೆತರುತ್ತದೆ. ಆ ಪುಟ ತೆರೆದಾಗಲೇ ಆರ್ಡರ್ ಖಚಿತಪಡಿಸುವ ಹಾಗೆ ಕೋಡ್ ಬರೆದವರಿಗೆ ಎರಡು ರೀತಿಯ ನಷ್ಟ. ಗ್ರಾಹಕರ ನೆಟ್ ಕಡಿದರೆ, ಫೋನಿನ ಬ್ಯಾಟರಿ ಮುಗಿದರೆ, ಪುಟ ತೆರೆಯುವುದೇ ಇಲ್ಲ; ಹಣ ಬಂದಿದೆ, ಆರ್ಡರ್ ಇಲ್ಲ. ಇನ್ನೊಂದು, ಆ ಪುಟದ ವಿಳಾಸ ತಿಳಿದವರು ಹಣ ಕೊಡದೆಯೇ ಅದನ್ನು ತೆರೆಯಬಹುದು. ಆರ್ಡರ್ ಇದೆ, ಹಣ ಇಲ್ಲ.

ಇದಕ್ಕೆ ಪರಿಹಾರ ವೆಬ್‌ಹುಕ್. ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ‘ಈ ಪಾವತಿ ಆಯಿತು’ ಎಂದು ತಿಳಿಸುತ್ತದೆ, ಗ್ರಾಹಕರ ಬ್ರೌಸರ್ ನಡುವೆ ಬರುವುದೇ ಇಲ್ಲ. ಆರ್ಡರ್ ಖಚಿತವಾಗಬೇಕಾದದ್ದು ಇದರ ಮೇಲೆ. ಆದರೆ ವೆಬ್‌ಹುಕ್‌ಗೂ ತನ್ನದೇ ಕಾಟಗಳಿವೆ.

ಮೊದಲನೆಯದು ಸಹಿ. ಬಂದ ಸಂದೇಶ ನಿಜವಾಗಿ ಗೇಟ್‌ವೇಯದೇ ಎಂದು ತಿಳಿಯಲು ಅದರ ಜೊತೆ ಒಂದು ಎಚ್‌ಮ್ಯಾಕ್ ಸಹಿ ಇರುತ್ತದೆ; ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ರಹಸ್ಯ ಕೀಲಿಯಿಂದ ಅದನ್ನು ತಾಳೆ ನೋಡಬೇಕು. ಇಲ್ಲಿ ಅನೇಕರು ದಿನಗಟ್ಟಲೆ ಒದ್ದಾಡುವ ಒಂದು ದೋಷ ಇದೆ. ಸಹಿ ಹಾಕಿರುವುದು ಸಂದೇಶದ ಮೂಲ ಅಕ್ಷರಗಳ ಮೇಲೆ. ನಿಮ್ಮ ಫ್ರೇಮ್‌ವರ್ಕ್ ಅದನ್ನು ಜೇಸನ್ ಎಂಬ ದತ್ತಾಂಶ ರೂಪಕ್ಕೆ ಒಡೆದು ಮತ್ತೆ ಜೋಡಿಸಿದರೆ ಒಂದು ಖಾಲಿ ಜಾಗವೋ ಸೊನ್ನೆಯೋ ಬದಲಾಗುತ್ತದೆ, ಸಹಿ ತಾಳೆಯಾಗುವುದಿಲ್ಲ. ಸಹಿ ಪರೀಕ್ಷೆಯನ್ನೇ ತೆಗೆದುಹಾಕಿ ‘ಸರಿಹೋಯಿತು’ ಎನ್ನುವವರಿದ್ದಾರೆ. ಅದು ಬಾಗಿಲು ತೆರೆದಿಟ್ಟ ಹಾಗೆ. ಒಡೆಯುವ ಮೊದಲಿನ ಕಚ್ಚಾ ಸಂದೇಶದ ಮೇಲೆ ಪರೀಕ್ಷೆ ಮಾಡಬೇಕು, ಅಷ್ಟೇ.

ಎರಡನೆಯದು ಪುನರಾವರ್ತನೆ. ನಿಮ್ಮ ಸರ್ವರ್ ಉತ್ತರಿಸಲು ತಡಮಾಡಿದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಇಮೇಲ್ ಕಳಿಸುವುದು, ಬಿಲ್ಲು ತಯಾರಿಸುವುದು, ದಾಸ್ತಾನು ಕಡಿಮೆ ಮಾಡುವುದು ಎಲ್ಲ ಮುಗಿಸಿ ಉತ್ತರ ಕೊಡೋಣ ಎಂದು ಕೂತರೆ ಒಂದೇ ಪಾವತಿಗೆ ಮಾಲು ಎರಡು ಸಲ ಹೊರಡುತ್ತದೆ. ಸಂದೇಶ ಬಂದ ತಕ್ಷಣ ಅದನ್ನು ಡೇಟಾಬೇಸಿಗೆ ಬರೆದುಕೊಂಡು, ‘ತಲುಪಿತು’ ಎಂಬ ಅರ್ಥದ ‘200’ ಎಂದು ಉತ್ತರಿಸಿ, ಉಳಿದ ಕೆಲಸ ಹಿಂದೆ ಸರದಿಯಲ್ಲಿ ನಡೆಯಲಿ. ಸಂದೇಶದ ಗುರುತು ಸಂಖ್ಯೆಯ ಕಾಲಂ ಅನ್ನು ಯೂನಿಕ್ ಮಾಡಿಟ್ಟರೆ ಅದೇ ಸಂದೇಶ ಎರಡನೇ ಸಲ ಬಂದಾಗ ಡೇಟಾಬೇಸೇ ತಡೆಯುತ್ತದೆ. ಸಂದೇಶಗಳು ಕ್ರಮ ತಪ್ಪಿಯೂ ಬರುತ್ತವೆ: ‘ಕ್ಯಾಪ್ಚರ್ ಆಯಿತು’ ಎಂಬುದು ‘ಆಥರೈಸ್ ಆಯಿತು’ ಎಂಬುದಕ್ಕಿಂತ ಮೊದಲು ಬಂದರೆ, ಹಳೆಯ ಸುದ್ದಿ ಹೊಸ ಸ್ಥಿತಿಯನ್ನು ಅಳಿಸದ ಹಾಗೆ ನೋಡಿಕೊಳ್ಳಬೇಕು.

ಮೂರನೆಯದು ತಡವಾಗಿ ಬರುವ ಯಶಸ್ಸು. ಪಾವತಿ ವಿಫಲ ಎಂದು ತೋರಿಸಿ, ಗ್ರಾಹಕರು ಮತ್ತೊಮ್ಮೆ ಹಣ ಕೊಟ್ಟು, ಅರ್ಧ ಗಂಟೆಯ ನಂತರ ಮೊದಲನೆಯದೂ ಯಶಸ್ವಿ ಎಂದು ಸುದ್ದಿ ಬರುತ್ತದೆ. ಇಂಥದ್ದನ್ನು ಕಂಡ ಕೂಡಲೇ ತಾನಾಗಿ ರೀಫಂಡ್ ಮಾಡುವ ಸೌಲಭ್ಯ ಗೇಟ್‌ವೇಯಲ್ಲಿ ಇದೆಯೇ, ಇಲ್ಲದಿದ್ದರೆ ನೀವೇ ಬರೆಯಬೇಕೇ ಎಂದು ಒಪ್ಪಂದಕ್ಕೆ ಮೊದಲೇ ತಿಳಿಯಿರಿ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುವಂತೆ, ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ಖಚಿತತೆ ಸಿಗದ ಆನ್‌ಲೈನ್ ಕಾರ್ಡ್ ವಹಿವಾಟನ್ನು 5 ದಿನದೊಳಗೆ ತಾನಾಗಿ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಮ್ಮ ವ್ಯಾಪಾರ ನಡೆಯುವ ದೇಶದಲ್ಲಿ ಇಂಥ ಗಡುವು ಏನಿದೆಯೋ ಅದನ್ನು ಗ್ರಾಹಕರ ಸಹಾಯ ಪುಟದಲ್ಲೇ ಬರೆದು ಹಾಕಿದರೆ ಅರ್ಧ ಕರೆಗಳು ನಿಲ್ಲುತ್ತವೆ.

ವೆಬ್‌ಹುಕ್ ಬಂದೇ ಬರುತ್ತದೆ ಎಂದು ಕಾಯುತ್ತ ಕೂರಬೇಡಿ. ಕಾಲು ಗಂಟೆ ಕಳೆದರೂ ‘ಪೆಂಡಿಂಗ್’ ಇರುವ ಆರ್ಡರ್‌ಗಳ ಸ್ಥಿತಿಯನ್ನು ನಿಮ್ಮ ಸರ್ವರೇ ಗೇಟ್‌ವೇಗೆ ಕೇಳುವ ಒಂದು ಸಣ್ಣ ಕೆಲಸ ಸದಾ ಓಡುತ್ತಿರಲಿ. ಮೊತ್ತವನ್ನೂ ಕರೆನ್ಸಿಯನ್ನೂ ನಿಮ್ಮ ಆರ್ಡರ್‌ನೊಂದಿಗೆ ತಾಳೆ ನೋಡಿದ ಮೇಲೆಯೇ ಖಚಿತಪಡಿಸಿ. ಬ್ರೌಸರಿನಿಂದ ಬಂದ ಮೊತ್ತವನ್ನು ಯಾವತ್ತೂ ನಂಬಬೇಡಿ. ಬಹಳಷ್ಟು ಎಪಿಐಗಳು ಮೊತ್ತವನ್ನು ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ ಕೇಳುತ್ತವೆ, 500 ಬದಲು 50000. ಇದನ್ನು ಮರೆತರೆ ನೂರು ಪಟ್ಟು ವ್ಯತ್ಯಾಸ. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರಿಗೆ ಮೂರು ಸ್ಥಾನ. ಎಲ್ಲ ಕರೆನ್ಸಿಯನ್ನೂ 100ರಿಂದ ಗುಣಿಸುವ ಕೋಡ್ ಒಂದು ದಿನ ಕೈಕೊಡುತ್ತದೆ.

ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟಾಗ

ಕಾರ್ಡ್ ಪಾವತಿಯಲ್ಲಿ ಗ್ರಾಹಕರು ತಮ್ಮ ಬ್ಯಾಂಕಿಗೆ ದೂರಿತ್ತು ಹಣ ವಾಪಸ್ ಪಡೆಯುವುದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಇದಕ್ಕೆ 120 ದಿನಗಳ ಅವಕಾಶ ಇದೆ. ಹಣ ಮೊದಲು ನಿಮ್ಮ ಖಾತೆಯಿಂದ ಹೋಗುತ್ತದೆ, ವಾದ ಆಮೇಲೆ.

3-ಡಿ ಸೆಕ್ಯೂರ್ ಮೂಲಕ, ಅಂದರೆ ಓಟಿಪಿ ಅಥವಾ ಬ್ಯಾಂಕ್ ಆ್ಯಪಿನ ಒಪ್ಪಿಗೆಯಿಂದ ನಡೆದ ಪಾವತಿಯಲ್ಲಿ ‘ಇದು ನಾನು ಮಾಡಿದ್ದಲ್ಲ’ ಎಂಬ ದೂರಿನ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೇಲೆ ಬೀಳುತ್ತದೆ. ಆದರೆ ‘ಮಾಲು ಬರಲಿಲ್ಲ’, ‘ಹೇಳಿದಂತೆ ಇರಲಿಲ್ಲ’ ಎಂಬ ದೂರಿಗೆ ಈ ರಕ್ಷಣೆ ಇಲ್ಲ. ಅಲ್ಲಿ ಕೊರಿಯರ್‌ನ ತಲುಪಿಸಿದ ದಾಖಲೆ, ಸಹಿ, ಗ್ರಾಹಕರೊಂದಿಗಿನ ಸಂದೇಶಗಳೇ ಆಧಾರ. ಉತ್ತರಿಸಲು ಗೇಟ್‌ವೇ ನಿಮಗೆ ಕೊಡುವ ಗಡುವು ನೆಟ್‌ವರ್ಕ್‌ನ ಗಡುವಿಗಿಂತ ಚಿಕ್ಕದಾಗಿರುತ್ತದೆ. ಎಷ್ಟು ದಿನ ಎಂದು ಬರವಣಿಗೆಯಲ್ಲಿ ಪಡೆಯಿರಿ, ಆ ಇಮೇಲ್ ಯಾರ ವಿಳಾಸಕ್ಕೆ ಬರುತ್ತದೆ ಎಂಬುದನ್ನೂ ನೋಡಿ. ಕೆಲಸ ಬಿಟ್ಟುಹೋದವರ ವಿಳಾಸಕ್ಕೆ ಬಂದು ಕೊಳೆಯುವ ನೋಟಿಸ್ ಎಂದರೆ ವಾದವಿಲ್ಲದೆ ಸೋತ ಪ್ರಕರಣ.

ಚಾರ್ಜ್‌ಬ್ಯಾಕ್ ದಾಖಲಾದ ಮೇಲೆ ಗ್ರಾಹಕರನ್ನು ಸಮಾಧಾನ ಪಡಿಸಲೆಂದು ಬೇರೆಯಾಗಿ ರೀಫಂಡ್ ಮಾಡಬೇಡಿ. ಹಣ ಎರಡು ಸಲ ಹೋಗುತ್ತದೆ, ಮರಳಿ ಪಡೆಯುವುದು ಬಹಳ ಕಷ್ಟ.

ಎಷ್ಟೋ ದೂರುಗಳಿಗೆ ಕಾರಣ ಮೋಸವಲ್ಲ, ಹೆಸರು. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಇಪ್ಪತ್ತು ಚಿಲ್ಲರೆ ಅಕ್ಷರಗಳ ಒಂದು ಸಾಲು. ಅಲ್ಲಿ ಗ್ರಾಹಕರು ಕಂಡೇ ಇರದ ನೋಂದಾಯಿತ ಕಂಪನಿಯ ಹೆಸರಿದ್ದರೆ ಅವರು ಬ್ಯಾಂಕಿಗೇ ಕರೆ ಮಾಡುತ್ತಾರೆ. ವೆಬ್‌ಸೈಟಿನ ಹೆಸರೇ ಅಲ್ಲಿ ಬರುವಂತೆ ಮಾಡಬಹುದೇ ಎಂದು ಮೊದಲ ಮಾತುಕತೆಯಲ್ಲೇ ಕೇಳಿ.

ಕದ್ದ ಕಾರ್ಡ್‌ಗಳು ಚಾಲ್ತಿಯಲ್ಲಿವೆಯೇ ಎಂದು ಪರೀಕ್ಷಿಸಲು ಕಳ್ಳರು ಸಣ್ಣ ವೆಬ್‌ಸೈಟ್‌ಗಳನ್ನೇ ಹುಡುಕುತ್ತಾರೆ. ನಡುರಾತ್ರಿ ನೂರಾರು ಚಿಕ್ಕ ಮೊತ್ತದ ಪ್ರಯತ್ನಗಳು, ಬಹುತೇಕ ಎಲ್ಲವೂ ವಿಫಲ: ಇದೇ ಲಕ್ಷಣ. ಮೊತ್ತವನ್ನು ಗ್ರಾಹಕರೇ ತುಂಬುವ ದೇಣಿಗೆ ಪುಟಗಳಿಗೆ ಈ ಕಾಟ ಹೆಚ್ಚು. ಕನಿಷ್ಠ ಮೊತ್ತ ನಿಗದಿ ಮಾಡಿ, ಒಂದೇ ಐಪಿ ವಿಳಾಸದಿಂದ ಬರುವ ಪ್ರಯತ್ನಗಳಿಗೆ ಮಿತಿ ಹಾಕಿ, ಬಳಸುತ್ತಿರುವುದು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಇಡಿ.

ಚಂದಾ ವ್ಯಾಪಾರವಿದ್ದರೆ ವಿಫಲತೆಯ ಕೋಡ್‌ಗಳನ್ನು ಗೇಟ್‌ವೇ ಪೂರ್ತಿ ತೋರಿಸುತ್ತದೆಯೇ ನೋಡಿ. ಖಾತೆಯಲ್ಲಿ ಹಣ ಸಾಲದು ಎಂಬ 51ಕ್ಕೆ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಬ್ಯಾಂಕಿನ ವ್ಯವಸ್ಥೆ ಸಿಗುತ್ತಿಲ್ಲ ಎಂಬ 91ಕ್ಕೆ ಕೆಲವು ಗಂಟೆ ಸಾಕು. ಅವಧಿ ಮುಗಿದ ಕಾರ್ಡಿನ 54ಕ್ಕೆ ಹೊಸ ವಿವರ ಕೇಳಬೇಕು. ಕಳುವಾದ ಕಾರ್ಡಿನ 43 ಬಂದರೆ ಮತ್ತೆ ಮುಟ್ಟಲೇಬಾರದು. ಎಲ್ಲಕ್ಕೂ ‘ಪಾವತಿ ವಿಫಲ’ ಎಂಬ ಒಂದೇ ಉತ್ತರ ಕೊಡುವ ಗೇಟ್‌ವೇ ಚಂದಾ ವ್ಯಾಪಾರಕ್ಕೆ ಆಗಿಬರುವುದಿಲ್ಲ.

ಹಣ ಕೈಸೇರುವುದು, ಕೈಬಿಡುವುದು

ಸೆಟಲ್‌ಮೆಂಟ್ ಮರುದಿನವೋ ಎರಡು ದಿನಕ್ಕೋ ಎಂದು ಕೇಳುವಾಗ ರಜಾದಿನಗಳ ಲೆಕ್ಕವನ್ನೂ ಕೇಳಿ. ಹೊಸ ವ್ಯಾಪಾರಿ, ಅಥವಾ ತಿಂಗಳುಗಟ್ಟಲೆ ಮೊದಲೇ ಹಣ ಪಡೆಯುವ ಪ್ರವಾಸ, ತರಬೇತಿಯಂಥ ವ್ಯಾಪಾರವಾದರೆ ಮಾರಾಟದ 5ರಿಂದ 10 ಪರ್ಸೆಂಟನ್ನು ಆರು ತಿಂಗಳು ಹಿಡಿದಿಟ್ಟುಕೊಳ್ಳುವ ರೋಲಿಂಗ್ ರಿಸರ್ವ್ ಷರತ್ತು ಇರಬಹುದು. ತಪ್ಪೇನಲ್ಲ, ಆದರೆ ಬಂಡವಾಳದ ಲೆಕ್ಕದಲ್ಲಿ ಅದು ಮೊದಲೇ ಇರಬೇಕು.

ಖಾತೆ ಸ್ತಂಭನವೇ ದೊಡ್ಡ ಭಯ. ಅದಕ್ಕೆ ಸಾಮಾನ್ಯ ಕಾರಣ ಅರ್ಜಿಯಲ್ಲಿ ಹೇಳಿದ ವ್ಯಾಪಾರ ಒಂದು, ವೆಬ್‌ಸೈಟಿನಲ್ಲಿ ಮಾರುವುದು ಇನ್ನೊಂದು. ಪ್ರತಿ ವ್ಯಾಪಾರಕ್ಕೂ ನಾಲ್ಕಂಕಿಯ ಎಂಸಿಸಿ ಎಂಬ ವರ್ಗ ಸಂಖ್ಯೆ ಕೊಡುತ್ತಾರೆ. ಹೊಸ ಬಗೆಯ ಸರಕು ಸೇರಿಸುವ ಮೊದಲು ಗೇಟ್‌ವೇಗೆ ತಿಳಿಸಿ. ದೊಡ್ಡ ರಿಯಾಯಿತಿ ಮಾರಾಟ ಇಟ್ಟುಕೊಂಡಿದ್ದರೆ ಅದನ್ನೂ ವಾರ ಮೊದಲೇ ತಿಳಿಸಿ, ಏಕಾಏಕಿ ಹತ್ತು ಪಟ್ಟಾದ ವಹಿವಾಟನ್ನು ಅವರ ವ್ಯವಸ್ಥೆ ಮೋಸ ಎಂದೇ ಓದುತ್ತದೆ. ವಹಿವಾಟು ಸ್ವಲ್ಪ ಬೆಳೆದ ಮೇಲೆ ಎರಡನೇ ಗೇಟ್‌ವೇ ಒಂದನ್ನು ಕಾಗದಪತ್ರ ಮುಗಿಸಿ ಸಿದ್ಧವಾಗಿ ಇಟ್ಟುಕೊಳ್ಳುವುದು ವಿವೇಕ.

ಬಿಟ್ಟು ಹೋಗುವ ದಾರಿಯನ್ನು ಸೇರುವಾಗಲೇ ನೋಡಿ. ಗ್ರಾಹಕರ ಉಳಿಸಿದ ಕಾರ್ಡ್‌ಗಳು ಗೇಟ್‌ವೇಯ ಬಳಿ ಟೋಕನ್ ರೂಪದಲ್ಲಿ, ಅಂದರೆ ಕಾರ್ಡ್ ಸಂಖ್ಯೆಯ ಬದಲಿಗೆ ನಿಲ್ಲುವ ಸಂಕೇತವಾಗಿ, ಇರುತ್ತವೆ. ಆ ಟೋಕನ್ ಬೇರೆ ಕಂಪನಿಯಲ್ಲಿ ನಡೆಯುವುದಿಲ್ಲ. ಒಪ್ಪಂದ ಮುಗಿದಾಗ ಅವನ್ನು ಇನ್ನೊಂದು ಸುರಕ್ಷಿತ ಕಂಪನಿಗೆ ವರ್ಗಾಯಿಸಿಕೊಡುತ್ತಾರೆಯೇ, ಅದಕ್ಕೆ ಎಷ್ಟು ದಿನ, ಎಷ್ಟು ಶುಲ್ಕ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಸಾವಿರಾರು ಚಂದಾದಾರರಿಗೆ ‘ಮತ್ತೆ ಕಾರ್ಡ್ ವಿವರ ತುಂಬಿ’ ಎಂದು ಒಂದು ದಿನ ಪತ್ರ ಬರೆಯಬೇಕಾಗುತ್ತದೆ, ಅವರಲ್ಲಿ ದೊಡ್ಡ ಪಾಲು ಮರಳಿ ಬರುವುದಿಲ್ಲ.

ಸಹಿ ಹಾಕುವ ಮೊದಲು ಪರೀಕ್ಷಾ ಖಾತೆ ತೆಗೆದುಕೊಂಡು ಯಶಸ್ವಿ ಪಾವತಿಯನ್ನಲ್ಲ, ಹಾಳಾದ ಪಾವತಿಯನ್ನು ಪರೀಕ್ಷಿಸಿ. ಹಣ ಕೊಟ್ಟ ಕ್ಷಣ ಬ್ರೌಸರ್ ಮುಚ್ಚಿ. ಪಾವತಿ ಬಟನ್ ಎರಡು ಸಲ ಒತ್ತಿ. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಕೊಡಿ. ನಿಮ್ಮ ಸರ್ವರನ್ನು ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಎಬ್ಬಿಸಿದಾಗ ವೆಬ್‌ಹುಕ್ ಬರುತ್ತದೆಯೇ ನೋಡಿ. ಅರ್ಧ ಮೊತ್ತದ ರೀಫಂಡ್ ಮಾಡಿ, ಅದನ್ನೇ ಇನ್ನೊಮ್ಮೆ ಮಾಡಿ. ಸಹಾಯವಾಣಿಗೆ ಶನಿವಾರ ಸಂಜೆ ಒಂದು ನಿಜವಾದ ತಾಂತ್ರಿಕ ಪ್ರಶ್ನೆ ಕಳಿಸಿ, ಮನುಷ್ಯರ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಆಮೇಲೆ ನಿಜವಾದ ಹಣದಲ್ಲಿ ಸಣ್ಣ ಮೊತ್ತದ ಹತ್ತು ಪಾವತಿ ಮಾಡಿ, ಅದರಲ್ಲಿ ಎರಡನ್ನು ರೀಫಂಡ್ ಮಾಡಿ, ಸೆಟಲ್‌ಮೆಂಟ್ ವರದಿಯನ್ನು ಎದುರಿಗಿಟ್ಟುಕೊಳ್ಳಿ. ನಿಮ್ಮ ಆರ್ಡರ್ ಸಂಖ್ಯೆ, ಗೇಟ್‌ವೇಯ ಪಾವತಿ ಸಂಖ್ಯೆ, ಶುಲ್ಕ, ತೆರಿಗೆ, ರೀಫಂಡ್, ಬ್ಯಾಂಕಿಗೆ ಬಂದ ಮೊತ್ತದ ಉಲ್ಲೇಖ ಸಂಖ್ಯೆ, ಇಷ್ಟೂ ಸಾಲು ಸಾಲಾಗಿ ಆ ಒಂದೇ ವರದಿಯಲ್ಲಿ ಇರಬೇಕು. ಹತ್ತು ಪಾವತಿಯ ಲೆಕ್ಕವನ್ನು ಕೈಯಿಂದ ತಾಳೆ ಹಾಕಲು ಕಾಲು ಗಂಟೆಗಿಂತ ಹೆಚ್ಚು ಹಿಡಿದರೆ, ಹತ್ತು ಸಾವಿರ ಪಾವತಿಯ ತಿಂಗಳಲ್ಲಿ ನಿಮ್ಮ ಲೆಕ್ಕ ಬರೆಯುವವರ ಗತಿ ಏನು ಎಂದು ಯೋಚಿಸಿ, ಆಮೇಲೆ ಕಮಿಷನ್ ಎಷ್ಟು ಎಂದು ಕೇಳಿ.